ಬೇರಿಕೆ ಸೀಮೆಯ ಉಪ್ಪಿನ ಋಣ

ಹೊಸೂರಿನಿಂದ ಈಶಾನ್ಯಾಭಿಮುಖವಾಗಿ ಬಾಗಲೂರನ್ನು ಹಾದುಹೋಗುವ ಹಾದಿಯಲ್ಲಿ, ತಮಿಳುನಾಡಿನ ಎಲ್ಲೆ ಮುಗಿದು ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕು ಮೊದಲಾಗುವೆಡೆಗೆ ಸಮೀಪವಾಗಿ, ಬೇರಿಕೆ ಎಂಬ ಊರುಂಟು. ಎಲ್ಲೆಯಾಚೆ ಮಾಸ್ತಿ, ಇತ್ತ ಶೂಲಗಿರಿ, ಆಂಧ್ರದ ಕುಪ್ಪಂ ಸೀಮೆಯೂ ಬಹು ದೂರದ್ದಲ್ಲ. ಮನೆಯ ಮಾತು ಕನ್ನಡವೋ ತೆಲುಗೋ ಆಗಿದ್ದು, ಕಚೇರಿಯ ಕಾಗದ ಮಾತ್ರ ತಮಿಳಿನಲ್ಲಿ ಬರತಕ್ಕ ಈ ಪ್ರಾಂತದಲ್ಲಿ, ಸರ್ಕಾರವೆಂಬುದು ಜನರಿಗೆ ಯಾವ ಕಾಲದಲ್ಲಿ ಯಾರ ಮುಖವನ್ನು ಧರಿಸಿ ಕಾಣಿಸಿಕೊಂಡಿತು, ಆ ಮುಖಕ್ಕೆ ಜನ ಏನನ್ನು ಸಲ್ಲಿಸಿದರು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಇಂದಿನ ದಿನಗಳಲ್ಲಿ ಉಚಿತ ಕೊಡುಗೆಗಳಿಂದ ಮತಗಳನ್ನು ಕೊಳ್ಳಲಾಗುತ್ತಿದೆಯೆಂದು ಪಟ್ಟಣದ ವಿದ್ಯಾವಂತರು ಆಗಾಗ್ಗೆ ನಿಟ್ಟುಸಿರುಬಿಡುವುದುಂಟು. ಆದರೆ ಅನ್ನಕ್ಕೂ ಅಧಿಕಾರಕ್ಕೂ ನಡುವಣ ಈ ವ್ಯವಹಾರ ಮತಪೆಟ್ಟಿಗೆಗಿಂತ ಬಹಳ ಹಳೆಯದು, ಮತ್ತು ಕೊಡುವ ಕೈಗಿಂತ ತಡೆಹಿಡಿಯಬಲ್ಲ ಕೈಗೇ ಜನ ಹೆಚ್ಚು ವಿಧೇಯರಾಗಿ ನಡೆದಿದ್ದಾರೆಂಬುದು ಈ ಸೀಮೆಯ ಚರಿತ್ರೆಯನ್ನು ನೋಡಿದವರಿಗೆ ತೋರದಿರದು.

ಬಾಗಲೂರು, ಬೇರಿಕೆ, ಶೂಲಗಿರಿ, ಅಂಕುಶಗಿರಿಗಳು ಒಂದು ಕಾಲಕ್ಕೆ ಪಾಳೆಯಗಳಾಗಿದ್ದವು. ಪಾಳೆಯಗಾರನ ಕೆಳಗೆ ಕಾವಲು ಕಾಯುವ, ಕರೆದಾಗ ಆಯುಧ ಹಿಡಿದು ಬರುವ ಕಟ್ಟುಬಡಿ ಜನಕ್ಕೆ ಇನಾಮು ಭೂಮಿ ಸಲ್ಲುತ್ತಿತ್ತು. ಭೂಮಿ ಉಳಿಯಬೇಕಾದರೆ ಸೇವೆ ನಡೆಯಬೇಕು, ಸೇವೆ ನಿಂತರೆ ಭೂಮಿಯೂ ಹೋದೀತು. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪುವಿನಿಂದ ಬಾರಾಮಹಲು ಕುಂಪಣಿಯ ಕೈಗೆ ಹೋದಾಗ, ಘಟ್ಟದ ಮೇಲಣ ಹೊಸೂರು ಸೀಮೆ—ಬಾಲಾಘಾಟೆಂದು ಕರೆಯಿಸಿಕೊಂಡ ಭಾಗ—ಮೈಸೂರಿನಲ್ಲಿಯೇ ಉಳಿದು, 1799ರ ತರುವಾಯ ಸೇಲಂ ಜಿಲ್ಲೆಗೆ ಸೇರಿತು. ಹೀಗೆ ಏಳು ವರ್ಷ ತಡವಾಗಿ ಬಂದ ಈ ನೆಲಕ್ಕೆ, ಅಲೆಕ್ಸಾಂಡರ್ ರೀಡನೂ ಅವನ ಸಹಾಯಕನಾಗಿದ್ದ ತಾಮಸ್ ಮನ್ರೋವೂ ಬಾರಾಮಹಲಿನಲ್ಲಿ ಪ್ರಯೋಗಿಸಿ ನೋಡಿದ ರಯತವಾರಿ ಪದ್ಧತಿಯ ನೆರಳು ಬಿತ್ತು. ಪಾಳೆಯಗಾರನ ಹೆಸರು ಉಳಿಯಿತಾದರೂ, ರೈತನ ದೈನಂದಿನ ಭಯಭಕ್ತಿಗಳು ಕ್ರಮೇಣ ಬೇರೊಬ್ಬರ ಜಗಲಿಯ ಕಡೆಗೆ ತಿರುಗಿದವು.

ಆ ಜಗಲಿ ಕರಣಿಕನದು. ಮೈಸೂರಿನವರು ಶಾನುಭೋಗನೆನ್ನುವವನನ್ನು ಇಲ್ಲಿಯವರು ಕರಣಂ ಎಂದರು. ಅಲ್ಲಿಯ ಪಟೇಲನಿಗೆ ಇಲ್ಲಿ ಮುನಸೀಫನೆಂದು ಹೆಸರು. 1816ರ ಮದರಾಸು ಕಟ್ಟಳೆಗಳು ಗ್ರಾಮದ ಮುನಸೀಫನಿಗೆ ಕಂದಾಯವಸೂಲಿಯ ಜೊತೆಗೆ ಚಿಲ್ಲರೆ ವ್ಯಾಜ್ಯಗಳನ್ನು ತೀರಿಸುವ, ಪೋಲೀಸಿನ ಕೆಲಸ ನಡೆಸುವ ಅಧಿಕಾರವನ್ನೂ ಒದಗಿಸಿದವು. 1895ರ ವಂಶಪಾರಂಪರ್ಯ ಗ್ರಾಮಾಧಿಕಾರಗಳ ಕಾಯಿದೆ ಈ ಸ್ಥಾನಗಳು ತಂದೆಯಿಂದ ಮಗನಿಗೆ ಇಳಿಯತಕ್ಕ ಕ್ರಮಕ್ಕೆ ಶಾಸನದ ಮುದ್ರೆಯನ್ನೊತ್ತಿತು. ಇವರ ಕೆಳಗೆ ತಳಾರಿ, ತೋಟಿ, ಕೆರೆಯ ತೂಬನ್ನೆತ್ತಿ ಗದ್ದೆಗದ್ದೆಗೆ ನೀರು ಹಂಚುವ ನೀರುಗಂಟಿ. ಸಂಬಳವೋ, ಹೇಳಿಕೊಳ್ಳುವಂತಹುದಲ್ಲ, ಆದರೂ ಅಣ್ಣತಮ್ಮಂದಿರು ಈ ಸ್ಥಾನಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯದ ಮೆಟ್ಟಿಲು ಹತ್ತುತ್ತಿದ್ದರು. ಯಾವ ಹೊಲ ಯಾರ ಹೆಸರಿನಲ್ಲಿದೆ, ಮಳೆ ತಪ್ಪಿದ ವರ್ಷ ಯಾರ ಪೈರು ಒಣಗಿದೆ, ಯಾರಿಗೆ ಕಂದಾಯದ ಮಾಫಿ ಸಲ್ಲತಕ್ಕದ್ದು ಎಂಬುದನ್ನೆಲ್ಲ ಬರೆಯುವ ಲೇಖನಿ ಕರಣಿಕನದಾಗಿತ್ತಷ್ಟೆ. ಲೇಖನಿ ಬರೆದದ್ದನ್ನು ಜಮಾಬಂದಿಗೆ ಬಂದ ದೊರೆಯೂ ಸಾಮಾನ್ಯವಾಗಿ ಪ್ರಶ್ನಿಸುತ್ತಿರಲಿಲ್ಲ. ಇದೇ ಹೊಸೂರು ಸೀಮೆಯ ತೊರಪಳ್ಳಿಯಲ್ಲಿ ಮುನಸೀಫರಾಗಿದ್ದ ಚಕ್ರವರ್ತಿ ಅಯ್ಯಂಗಾರ್ಯರಿಗೆ 1878ರಲ್ಲಿ ಹುಟ್ಟಿದ ಮಗನೇ ಮುಂದೆ ಮದರಾಸಿನ ಪ್ರಧಾನಿಯೂ ಭಾರತದ ಗವರ್ನರ್ ಜನರಲ್ಲೂ ಆದ ಚಕ್ರವರ್ತಿ ರಾಜಗೋಪಾಲಾಚಾರ್ಯರು, ಎಂದರೆ ರಾಜಾಜಿ. ಗ್ರಾಮಾಧಿಕಾರದ ಶಕ್ತಿಯೂ ಅದರ ಸಣ್ಣತನವೂ ಅವರಿಗೆ ಪುಸ್ತಕದಿಂದ ತಿಳಿಯಬೇಕಾದ ಸಂಗತಿಯಾಗಿರಲಿಲ್ಲ.

ಮತವೆಂಬ ಹೊಸ ಪದಾರ್ಥ ಈ ನೆಲಕ್ಕೆ ಬಂದದ್ದು ಕೂಡ ಕರಣಿಕನ ಕಡತದ ಬಾಗಿಲಿನಿಂದಲೇ. 1919ರ ಸುಧಾರಣೆಗಳ ಪ್ರಕಾರ 1920ರಲ್ಲಿ ಮದರಾಸು ಶಾಸನಸಭೆಗೆ ಚುನಾವಣೆ ನಡೆದಾಗ, ಹಳ್ಳಿಗಾಡಿನಲ್ಲಿ ಮತದಾರನೆನಿಸಿಕೊಳ್ಳಲು ವರ್ಷಕ್ಕೆ 10 ರೂಪಾಯಿಗೆ ಕಡಿಮೆಯಿಲ್ಲದ ಕಂದಾಯಮೌಲ್ಯವುಳ್ಳ ಭೂಮಿ ಬೇಕಾಗಿತ್ತು. ಸೈನ್ಯದಿಂದ ನಿವೃತ್ತರಾಗಿ ವಿಶ್ರಾಂತಿವೇತನ ಪಡೆಯುವವರಿಗೆ ಆ ಕಾರಣದಿಂದಲೇ ಹಕ್ಕು ದೊರೆಯುತ್ತಿತ್ತು. ಎಂದರೆ, ಸರ್ಕಾರಕ್ಕೆ ಕೊಡುವವನೂ ಸರ್ಕಾರದಿಂದ ಪಡೆಯುವವನೂ ಇಬ್ಬರೇ ಮತದಾರರು. ಉಳಿದ ಕೂಲಿಯವನು, ಗೇಣಿಯವನು, ಹೆಂಗಸರೆಲ್ಲರೂ ಪ್ರೇಕ್ಷಕರು. ಯಾವ ರೈತನ ಕಂದಾಯ ಹತ್ತನ್ನು ಮುಟ್ಟಿತು, ಯಾವನದು ಒಂಬತ್ತೂವರೆಗೆ ನಿಂತಿತು ಎಂಬುದು ಗ್ರಾಮಲೆಕ್ಕದ ಮಾತಾದ್ದರಿಂದ, ಮತದಾರರ ಪಟ್ಟಿಯ ಮೊದಲ ಕರ್ತೃ ಯಾರೆಂದು ಬೇರೆ ಹೇಳಬೇಕಾಗಿಲ್ಲ.

ಅದೇ ದಶಕದಲ್ಲಿ ಮದರಾಸಿನಲ್ಲಿಯೂ ಮೈಸೂರಿನಲ್ಲಿಯೂ ರಾಜಕೀಯದ ಕೇಂದ್ರಪ್ರಶ್ನೆಯಾಗಿದ್ದುದು ಸರ್ಕಾರಿ ಉದ್ಯೋಗ. ಜಸ್ಟಿಸ್ ಪಕ್ಷ ಹುಟ್ಟಿದ್ದು 1916ರಲ್ಲಿ. ಅಧಿಕಾರಕ್ಕೆ ಬಂದ ಮರುವರ್ಷ, 1921ರಲ್ಲಿ, ಬ್ರಾಹ್ಮಣೇತರರಿಗೆ ಉದ್ಯೋಗದಲ್ಲಿ ಪಾಲು ಕೊಡಬೇಕೆಂಬ ಕಮ್ಯೂನಲ್ ಆಜ್ಞೆಯನ್ನು ಅದು ಹೊರಡಿಸಿತು. ಮೈಸೂರಿನಲ್ಲಿ ಇದೇ ಪ್ರಶ್ನೆಗಾಗಿ ಲೆಸ್ಲಿ ಮಿಲ್ಲರ್ ಸಮಿತಿ 1918ರಲ್ಲಿ ನೇಮಕವಾಗಿ, ಆ ನೀತಿಗೆ ಒಪ್ಪದ ವಿಶ್ವೇಶ್ವರಯ್ಯನವರು ದಿವಾನಗಿರಿಯನ್ನು ಬಿಟ್ಟುಹೋದ ಕಥೆ ಕನ್ನಡಿಗರಿಗೆ ಪರಿಚಿತವಾದದ್ದೇ. ಎರಡು ಸರ್ಕಾರಗಳ ಮಧ್ಯದಲ್ಲಿ ಕುಳಿತ ಬೇರಿಕೆ ಸೀಮೆಯವರ ಸ್ಥಿತಿ ಮಾತ್ರ ವಿಚಿತ್ರ. ಒಂದೇ ಕುಲದ ದಾಯಾದಿಗಳು ಎಲ್ಲೆಯ ಈಚೆ ಒಂದು ಪಟ್ಟಿಯಲ್ಲಿ, ಆಚೆ ಇನ್ನೊಂದು ಪಟ್ಟಿಯಲ್ಲಿ ಎಣಿಸಲ್ಪಡತಕ್ಕ ವ್ಯವಸ್ಥೆಗೆ ಬೀಜ ಬಿದ್ದದ್ದು ಆಗಲೇ. ಅದು ಇಂದಿಗೂ ಫಲಿಸುತ್ತಲೇ ಇದೆ.

1937ರ ಚುನಾವಣೆಯಲ್ಲಿ ಕಾಂಗ್ರೆಸ್ಸು 215 ಸ್ಥಾನಗಳ ಪೈಕಿ 159ನ್ನು ಗೆದ್ದು ರಾಜಾಜಿಯವರು ಪ್ರಧಾನಿಗಳಾದರು. ಆ ವರ್ಷದ ಅಕ್ಟೋಬರ್ 1ರಂದು ಪಾನನಿಷೇಧ ಮೊದಲು ಜಾರಿಗೆ ಬಂದದ್ದು ಅವರ ಸ್ವಂತ ಸೇಲಂ ಜಿಲ್ಲೆಯಲ್ಲಿ. ಆದುದರಿಂದ ಹೊಸೂರು ತಾಲ್ಲೂಕಿನಲ್ಲಿಯೂ. ಸರ್ಕಾರ ಜನರಿಗೆ ಒಂದನ್ನು ಕೊಡುವ ಬದಲು ಒಂದನ್ನು ಬಿಡಿಸುವುದೇ ಉಪಕಾರವೆಂದು ಅವರು ನಂಬಿದ್ದರು. ಅಬಕಾರಿಯಿಂದ ಹೋದ ಹಣವನ್ನು ತುಂಬಿಕೊಳ್ಳಲು 1939ರಲ್ಲಿ ಮಾರಾಟತೆರಿಗೆಯನ್ನು ತಂದರು. ಹೆಂಡದಂಗಡಿಯ ಗುತ್ತಿಗೆದಾರನೆಂಬ ಹಳ್ಳಿಯ ಒಬ್ಬ ಪ್ರಭಾವಶಾಲಿಯನ್ನು ಇದು ಒಂದೇ ಏಟಿಗೆ ನಿರುದ್ಯೋಗಿಯನ್ನಾಗಿಸಿತೆಂಬುದನ್ನು ಚರಿತ್ರಕಾರರು ಅಷ್ಟಾಗಿ ಗಮನಿಸಿಲ್ಲ. ಮೈಸೂರು ಸೀಮೆ ಕಾಲ್ನಡಿಗೆಯಷ್ಟು ದೂರದಲ್ಲಿದ್ದ ಬೇರಿಕೆಯಂತಹ ಊರಿನಲ್ಲಿ ಈ ಸುಧಾರಣೆಯ ಫಲ ಎಷ್ಟರಮಟ್ಟಿಗೆ ನಿಂತಿದ್ದೀತು ಎಂಬುದನ್ನು ವಾಚಕರ ಊಹೆಗೇ ಬಿಡುವುದು ಲೇಸು.

ಸ್ವಾತಂತ್ರ್ಯಾನಂತರ 1948ರ ಶಾಸನ ಜಮೀನ್ದಾರಿ ಎಸ್ಟೇಟುಗಳನ್ನು ತೊಡೆಯಿತು. 1952ರಲ್ಲಿ ವಯಸ್ಕರೆಲ್ಲರೂ ಮತ ಹಾಕಿದರು. ಆದರೆ ಕರಣಿಕನೂ ಮುನಸೀಫನೂ ಇದ್ದಲ್ಲಿಯೇ ಇದ್ದರು. ಹೊಸದಾಗಿ ಮತ ಪಡೆದ ನಿರಕ್ಷರ ರೈತನಿಗೆ ಪಕ್ಷವೆಂದರೇನೆಂಬುದು ತಿಳಿಯುವುದಕ್ಕೆ ಮೊದಲು ಪಟ್ಟಾ ಯಾರ ಕೈಯಲ್ಲಿದೆಯೆಂಬುದು ತಿಳಿದಿತ್ತು. ಆಳುವ ಪಕ್ಷಕ್ಕೆ ಹಳ್ಳಿಯಲ್ಲಿ ಪ್ರತ್ಯೇಕ ಕಾರ್ಯಕರ್ತರು ಬೇಕಾಗಿರಲಿಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ತಾಲ್ಲೂಕು ಕಚೇರಿಯ ಸೂಚನೆಗೂ ಪಕ್ಷದ ಸೂಚನೆಗೂ ನಡುವೆ ಇದ್ದ ಗೆರೆ ಹಳ್ಳಿಯವರ ಕಣ್ಣಿಗೆ ಬಹು ತೆಳುವಾಗಿತ್ತು. 1956ರಲ್ಲಿ ಭಾಷಾವಾರು ರಾಜ್ಯಗಳು ಏರ್ಪಟ್ಟಾಗ ಹೊಸೂರು ಮದರಾಸಿನಲ್ಲಿಯೇ ಉಳಿದು, ಅದೇ ವರ್ಷ ತಮಿಳು ಆಡಳಿತಭಾಷೆಯಾಗಿ ಘೋಷಿತವಾಯಿತು. ಆದರೂ ಊರಿನ ಕರಣಿಕ ಊರಿನವನೇ ಆಗಿದ್ದುದರಿಂದ, ಆ ಘೋಷಣೆಯ ಭಾರ ಜನರ ಮೇಲೆ ಒಮ್ಮೆಲೇ ಬೀಳಲಿಲ್ಲ. ಅನುವಾದಕನೂ ಶೋಷಕನೂ ಒಬ್ಬನೇ ಆಗಿರುವ ವ್ಯವಸ್ಥೆಯಲ್ಲಿ ಇಂತಹ ಅನುಕೂಲಗಳೂ ಇರುತ್ತವೆ.

ಈ ಸ್ಥಾನಗಳು ಬಿದ್ದ ಬಗೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಮೂರು ರಾಜ್ಯಗಳ ಸಂಧಿಯಲ್ಲಿ ನಿಂತು ನೋಡಿದವರಿಗೆ ಅದರ ಅರ್ಥ ಹೆಚ್ಚು ಸ್ಪಷ್ಟವಾಗುತ್ತದೆ. ಆಂಧ್ರದ ಒಂದು ಹಳ್ಳಿಯ ಮುನಸೀಫಿಕೆಯ ವ್ಯಾಜ್ಯದಲ್ಲಿ 1960ರ ಕೊನೆಗೆ ತೀರ್ಪಿತ್ತ ಸುಪ್ರೀಂ ಕೋರ್ಟು, ಗ್ರಾಮಾಧಿಕಾರವು ಸರ್ಕಾರದ ಹುದ್ದೆಯೇ ಆದ್ದರಿಂದ ಅದನ್ನು ವಂಶದ ಆಧಾರದ ಮೇಲೆ ಕೊಡುವುದು ಸಂವಿಧಾನದ ಸಮಾನತೆಗೆ ವಿರುದ್ಧವೆಂದು ಸಾರಿತು. ಮರುವರ್ಷವೇ ಮೈಸೂರು ಸರ್ಕಾರ ಗ್ರಾಮಾಧಿಕಾರಗಳ ರದ್ದಿಯಾತಿಯ ಶಾಸನವನ್ನು ಮಾಡಿ, 1963ರ ಫೆಬ್ರವರಿ 1ರಿಂದ ಜಾರಿಗೆ ತಂದಿತು. ಮಾಸ್ತಿಯ ಕಡೆಯ ಶಾನುಭೋಗರು ಹೀಗೆ ಚರಿತ್ರೆಗೆ ಸೇರಿದರು. ಎಲ್ಲೆಯ ಈಚೆ ಮಾತ್ರ ಕರಣಿಕರು ಇನ್ನೂ ಹದಿನೇಳು ವರ್ಷಕ್ಕೂ ಮಿಕ್ಕಿ ನಡೆದರು. ಕಾಂಗ್ರೆಸ್ಸು ಹೋಗಿ 1967ರಲ್ಲಿ ದ್ರಾವಿಡ ಮುನ್ನೇಟ್ರ ಕಳಗ ಬಂದರೂ ಅವರು ಅಲುಗಲಿಲ್ಲ; ಯಾವ ಸರ್ಕಾರ ಬಂದರೂ ಕಡತ ತಮ್ಮ ಮನೆಯಲ್ಲಿರುವವರೆಗೆ ಅವರಿಗೆ ಪಕ್ಷಭೇದವಿರಲಿಲ್ಲ.

ಅವರನ್ನು ಅಲುಗಿಸಿದವರು ಮುಖ್ಯಮಂತ್ರಿ ಎಂ. ಜಿ. ರಾಮಚಂದ್ರನ್. ಈ ಕಾರ್ಯದ ಕಾಲವನ್ನು ಗಮನಿಸಬೇಕು. 1979ರಲ್ಲಿ ಅವರು ಹಿಂದುಳಿದ ವರ್ಗಗಳ ಮೀಸಲಾತಿಗೆ 9,000 ರೂಪಾಯಿಗಳ ವರಮಾನಮಿತಿಯನ್ನು ವಿಧಿಸಿದರು. ನ್ಯಾಯದ ದೃಷ್ಟಿಯಿಂದ ಅದನ್ನು ಸಮರ್ಥಿಸಬಹುದೇನೋ, ಆದರೆ 1980ರ ಜನವರಿಯ ಲೋಕಸಭಾ ಚುನಾವಣೆಯಲ್ಲಿ ಅವರ ಪಕ್ಷಕ್ಕೆ ಎರಡೇ ಸ್ಥಾನಗಳು ಬಂದವು. ಸೋಲಿನ ಕಾರಣಗಳು ಹಲವಿದ್ದರೂ ಅವರು ಓದಿಕೊಂಡ ಕಾರಣ ಇದು. ಕೆಲವೇ ದಿನಗಳಲ್ಲಿ ವರಮಾನಮಿತಿ ಹೋಯಿತು. ಹಿಂದುಳಿದವರ ಪಾಲು 31ರಿಂದ 50 ಶೇಕಡಕ್ಕೆ ಏರಿತು. ಫೆಬ್ರವರಿಯಲ್ಲಿ ಅವರ ಸರ್ಕಾರ ವಜಾ ಆಯಿತು. ಮೇ ತಿಂಗಳ ಚುನಾವಣೆಯಲ್ಲಿ 129 ಸ್ಥಾನಗಳೊಡನೆ ಅವರು ಮರಳಿ ಬಂದರು. ಉದ್ಯೋಗದ ಬಾಗಿಲನ್ನು ತೆರೆಯುವ ಮುಚ್ಚುವ ಕೀಲಿ ಮತದ ಮೇಲೆ ಎಷ್ಟು ಬೇಗ ಕೆಲಸಮಾಡೀತೆಂಬುದಕ್ಕೆ ದಕ್ಷಿಣದೇಶದಲ್ಲಿ ಇದಕ್ಕಿಂತ ಸ್ಫುಟವಾದ ನಿದರ್ಶನ ದೊರೆಯುವುದು ಕಷ್ಟ. ಅದೇ ವರ್ಷ ನವೆಂಬರಿನಲ್ಲಿ, ಒಂದು ಸುಗ್ರೀವಾಜ್ಞೆಯಿಂದ, ರಾಜ್ಯದ ಕರಣಿಕ ಮುನಸೀಫರೆಲ್ಲರ ಅರೆಕಾಲಿಕ ಹುದ್ದೆಗಳನ್ನು ಅವರು ಅಳಿಸಿಹಾಕಿದರು. ಇಪ್ಪತ್ತು ಸಾವಿರಕ್ಕೂ ಮಿಕ್ಕ ಸ್ಥಾನಗಳು ಒಂದು ರಾತ್ರಿಯಲ್ಲಿ ಹೋದವು. 1982ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು. 1984ರ ಮೊದಲಲ್ಲಿ ಎನ್. ಟಿ. ರಾಮರಾಯರು ಆಂಧ್ರದಲ್ಲಿ ಇದನ್ನೇ ಮಾಡಿದರು. ಇಬ್ಬರೂ ಚಿತ್ರನಟರು, ಇಬ್ಬರೂ ಹಳೆಯ ಕಾಂಗ್ರೆಸ್ಸಿನ ಹಳ್ಳಿಯ ಬೇರುಗಳನ್ನು ಕೀಳಬೇಕಾದವರು. ಜನರಿಗೂ ತಮಗೂ ನಡುವೆ ಜಗಲಿಯ ಮೇಲೆ ಕುಳಿತ ಮಧ್ಯಸ್ಥನೊಬ್ಬ ಇರುವುದನ್ನು ಅವರು ಸಹಿಸದಿದ್ದುದು ಸಹಜವೇ ಆಗಿದೆ.

ಕರಣಿಕನ ಜಾಗಕ್ಕೆ ಬಂದವನು ಗ್ರಾಮ ಆಡಳಿತಾಧಿಕಾರಿ—ಜನರ ಬಾಯಲ್ಲಿ ವಿಎಒ. ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬರತಕ್ಕವನು. ಪೂರ್ಣಕಾಲದ ಸಂಬಳ, ವರ್ಗಾವಣೆ, ಬಡ್ತಿಗಳೆಲ್ಲ ಉಳ್ಳವನು. ದಲಿತನ ಮನೆಯ ಮಗನೂ ಹೆಣ್ಣುಮಗಳೂ ಕೂರಬಹುದಾದ ಕುರ್ಚಿ. ಹಳೆಯ ಅನ್ಯಾಯದ ತುಲನೆಯಲ್ಲಿ ಇದು ದೊಡ್ಡ ಮಜಲೆಂಬುದನ್ನು ನಿರ್ವಂಚನೆಯಿಂದ ಒಪ್ಪಬೇಕು. ಆದರೆ ಆ ಪರೀಕ್ಷೆ ತಮಿಳು ಬಲ್ಲವನಿಗೆ ಸಲ್ಲತಕ್ಕದ್ದು. 2021ರ ಕೊನೆಯಲ್ಲಿ ಬಂದ ಆಜ್ಞೆಯಿಂದ ತಮಿಳಿನ ಪತ್ರಿಕೆಯಲ್ಲಿ ತೇರ್ಗಡೆಯಾಗದೆ ರಾಜ್ಯದ ಯಾವ ನೇಮಕಾತಿಯೂ ಸಾಧ್ಯವಿಲ್ಲವೆಂದಾಯಿತು. ಕನ್ನಡಶಾಲೆಯಲ್ಲಿ ಓದಿದ ಬೇರಿಕೆ ಸೀಮೆಯ ಹುಡುಗನಿಗೆ ತನ್ನ ಊರಿನ ಅತಿ ಸಮೀಪದ ಸರ್ಕಾರಿ ಕುರ್ಚಿ ಹೀಗೆ ದೂರವಾಯಿತು. ಜಾತಿಪತ್ರ, ವರಮಾನಪತ್ರ, ವೃದ್ಧಾಪ್ಯವೇತನದ ಅರ್ಜಿ ಇವೆಲ್ಲಕ್ಕೂ ಬೇಕಾದ ಸಹಿ ಮಾತ್ರ ಅದೇ ಕುರ್ಚಿಯಿಂದ ಬರಬೇಕು. ಸಹಿಗೆ ದಾರಿ ತೋರುವವನಾಗಿ ಪಕ್ಷದ ಸ್ಥಳೀಯ ಕಾರ್ಯಕರ್ತನು ಹುಟ್ಟಿಕೊಂಡದ್ದು ಈ ಸಂದಿನಲ್ಲಿಯೇ. ಕರಣಿಕನಿಗೆ ಬೇಕಿಲ್ಲದಿದ್ದ ದುಭಾಷಿಯು ವಿಎಒಗೆ ಬೇಕಾದನು.

ಅನ್ನದ ವಿಚಾರ ಬೇರೆ ರೀತಿಯಲ್ಲಿ ನಡೆಯಿತು. 1956ರಲ್ಲಿ ಕಾಮರಾಜರು ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟವನ್ನು ಪ್ರಾರಂಭಿಸಿದರು; 1967ರಲ್ಲಿ ಅಣ್ಣಾದೊರೆಯವರ ಪಕ್ಷ ರೂಪಾಯಿಗೆ ಮೂರು ಪಡಿ ಅಕ್ಕಿಯ ವಾಗ್ದಾನದೊಡನೆ ಬಂದು, ಕೊನೆಗೆ ಮದರಾಸು ಕೊಯಮತ್ತೂರುಗಳಲ್ಲಿ ಒಂದು ಪಡಿಯನ್ನು ಕೊಟ್ಟಿತು. 1982ರ ಜುಲೈ 1ರಂದು ರಾಮಚಂದ್ರನ್ ತಂದ ಪೌಷ್ಟಿಕ ಊಟದ ಯೋಜನೆಯನ್ನು ಎಲ್ಲರೂ ಮಕ್ಕಳ ಅನ್ನವೆಂದು ಹೊಗಳುತ್ತಾರೆ. ಅದರ ಇನ್ನೊಂದು ಮುಖವನ್ನು ಕಾಣುವವರು ಕಡಿಮೆ. ಒಂದೊಂದು ಕೇಂದ್ರಕ್ಕೂ ಒಬ್ಬ ವ್ಯವಸ್ಥಾಪಕಿ, ಒಬ್ಬ ಅಡಿಗೆಯಾಕೆ, ಒಬ್ಬ ಸಹಾಯಕಿ. ಹಳ್ಳಿಯ ಬಡ ಹೆಂಗಸಿಗೆ, ಅನೇಕ ವೇಳೆ ವಿಧವೆಗೆ, ಸರ್ಕಾರದ ಹೆಸರಿನಲ್ಲಿ ದೊರೆತ ಮೊಟ್ಟಮೊದಲ ವೇತನ ಅದು. ವೇತನ ಅಲ್ಪ, ನೌಕರಿ ಖಾಯಮಲ್ಲ. ಖಾಯಮಲ್ಲದ್ದರಿಂದಲೇ ಅದು ಯಾರ ಕೃಪೆಯಿಂದ ಬಂದಿತೆಂಬ ನೆನಪು ಹಸಿಯಾಗಿರುತ್ತಿತ್ತು. ರಾಗಿಮುದ್ದೆಯ ಈ ಸೀಮೆಗೆ ಪಡಿತರದಲ್ಲಿ ಬಂದದ್ದು ಮುಖ್ಯವಾಗಿ ಅಕ್ಕಿಯೆಂಬುದೂ ಇಲ್ಲಿ ಹೇಳತಕ್ಕದ್ದೇ. ಪಡಿತರದ ಚೀಟಿಗೆ ರಾಗಿಯನ್ನು ಕೊಟ್ಟು ನೋಡುವ ಯೋಜನೆ ಬಂದದ್ದು 2023ರಲ್ಲಿ. ಅದೂ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಿಗೆ. ಬೇರಿಕೆಯನ್ನೊಳಗೊಂಡ ಕೃಷ್ಣಗಿರಿ 2004ರಲ್ಲಿಯೇ ಧರ್ಮಪುರಿಯಿಂದ ಬೇರ್ಪಟ್ಟು ಜಿಲ್ಲೆಯಾಗಿತ್ತಲ್ಲ!

ಪಡೆಯುತ್ತಿದ್ದುದನ್ನು ತಡೆದರೆ ಏನಾಗುತ್ತದೆಂಬುದನ್ನು ಮುಖ್ಯಮಂತ್ರಿ ಜಯಲಲಿತೆಯವರು ಅನುಭವಿಸಿ ನೋಡಿದರು. 2003ರ ಜುಲೈ ತಿಂಗಳಲ್ಲಿ ಮುಷ್ಕರಹೂಡಿದ ಸುಮಾರು 1.7 ಲಕ್ಷ ಸರ್ಕಾರಿ ನೌಕರರನ್ನು ಅವರು ಒಂದೇ ಸಲಕ್ಕೆ ಕೆಲಸದಿಂದ ತೆಗೆದುಹಾಕಿದರು. ರೈತರ ಪಂಪುಸೆಟ್ಟಿನ ಉಚಿತ ವಿದ್ಯುತ್ತಿಗೂ ಅನುಕೂಲಸ್ಥರ ಪಡಿತರಕ್ಕೂ ಕತ್ತರಿ ಬಿತ್ತು. ನೌಕರರಿಗೆ ಮುಷ್ಕರದ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ್ದರಿಂದ ನ್ಯಾಯಾಲಯದಲ್ಲಿ ಅವರು ಗೆದ್ದಂತಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 39 ಸ್ಥಾನಗಳಲ್ಲಿ ಒಂದೂ ಅವರ ಕೂಟಕ್ಕೆ ಬರಲಿಲ್ಲ. ಫಲಿತಾಂಶ ಬಂದ ಕೆಲವೇ ದಿನಗಳಲ್ಲಿ ಕತ್ತರಿಸಿದ್ದನ್ನೆಲ್ಲ ಮತ್ತೆ ಹೊಲಿದರು. ಅದೇ 2003ರ ನವೆಂಬರಿನಲ್ಲಿ ಸರ್ಕಾರದ ಟಾಸ್ಮಾಕ್ ಸಂಸ್ಥೆ ಮದ್ಯದ ಚಿಲ್ಲರೆ ವ್ಯಾಪಾರವನ್ನೂ ತನ್ನ ಕೈಗೆ ತೆಗೆದುಕೊಂಡಿತು. ರಾಜಾಜಿಯವರು ತೊರೆದ ಆದಾಯವೇ ಈಗ ಉಚಿತ ಕೊಡುಗೆಗಳ ಒಂದು ಮೂಲಸ್ತಂಭವಾಗಿ ನಿಂತಿತು; ತೊರಪಳ್ಳಿಯ ನೆರೆಹೊರೆಯಲ್ಲಿ ಇದು ಸಣ್ಣ ವಿಪರ್ಯಾಸವಲ್ಲ.

ಹಾಗೆಂದು ಕೊಟ್ಟದ್ದೆಲ್ಲ ಮತವಾಗಿ ಹಿಂದಿರುಗುತ್ತದೆಯೆಂದು ತಿಳಿಯಲಾಗದು. 2006ರಲ್ಲಿ ಬಣ್ಣದ ದೂರದರ್ಶನದ ಪೆಟ್ಟಿಗೆಯನ್ನೂ ಎರಡು ರೂಪಾಯಿಯ ಅಕ್ಕಿಯನ್ನೂ ವಾಗ್ದಾನಮಾಡಿ ಬಂದ ಕರುಣಾನಿಧಿಯವರು ಮಾತನ್ನು ನಡೆಸಿಕೊಟ್ಟರು. 2008ರಿಂದ ಅಕ್ಕಿಯನ್ನು ಒಂದು ರೂಪಾಯಿಗೇ ಇಳಿಸಿದರು. 2011ರಲ್ಲಿ ಜನ ಅವರಿಗೆ 23 ಸ್ಥಾನಗಳನ್ನು ಮಾತ್ರ ಕೊಟ್ಟರು. ಎಲ್ಲರ ಮನೆಗೂ ಬಂದ ಪೆಟ್ಟಿಗೆ ಯಾರನ್ನೂ ಋಣಿಗಳನ್ನಾಗಿ ಮಾಡಲಿಲ್ಲ. ಅದನ್ನು ಯಾರೂ ಮರಳಿ ಒಯ್ಯುವಂತಿರಲಿಲ್ಲವಷ್ಟೆ. ಹೊಸೂರು ಕ್ಷೇತ್ರದ ನಡತೆ ಇನ್ನೂ ಸ್ವತಂತ್ರವಾದದ್ದು. ರಾಜ್ಯವೆಲ್ಲ ಎರಡು ದ್ರಾವಿಡ ಪಕ್ಷಗಳ ನಡುವೆ ತೂಗುತ್ತಿದ್ದ ಅರ್ಧ ಶತಮಾನದಲ್ಲಿ ಅದು ಕಾಂಗ್ರೆಸ್ಸನ್ನೋ ಸ್ವತಂತ್ರ ಪಕ್ಷವನ್ನೋ ಜನತಾ ದಳವನ್ನೋ ಆರಿಸುತ್ತ ಬಂದಿತು. 2011ರಲ್ಲಿ 63 ಕಡೆ ನಿಂತ ಕಾಂಗ್ರೆಸ್ಸು ರಾಜ್ಯದಲ್ಲಿ ಗೆದ್ದ ಐದೇ ಸ್ಥಾನಗಳಲ್ಲಿ ಕೆ. ಗೋಪಿನಾಥರ ಹೊಸೂರು ಒಂದು. ದ್ರಾವಿಡ ಪಕ್ಷವೊಂದು ಇಲ್ಲಿ ಮೊದಲು ಗೆದ್ದದ್ದು 2016ರಲ್ಲಿ. ಮೈತ್ರಿಕೂಟದ ಸ್ಥಾನಹಂಚಿಕೆಯೂ ಇದಕ್ಕೆ ಒಂದು ಕಾರಣವೆಂಬುದು ನಿಜ. ಆದರೂ ಕೊಡುಗೆಗಳು ಬಂದು ಉದ್ಯೋಗಗಳು ಬಾರದ ಸೀಮೆಯೊಂದು, ಕೊಟ್ಟವರಿಗೆ ಪೂರ್ತಿಯಾಗಿ ಒಲಿಯದೆ, ತನ್ನ ಮಾತನ್ನಾಡುವ ಮುಖಂಡನೊಬ್ಬನನ್ನು ಹಿಡಿದುಕೊಂಡಿತೆಂದು ನಾವು ಎಣಿಸುವುದು ತಪ್ಪಾಗಲಾರದು.

ಚುನಾವಣಾಪ್ರಣಾಳಿಕೆಯ ವಾಗ್ದಾನಗಳು ಕಾಯಿದೆಯ ಅರ್ಥದಲ್ಲಿ ಭ್ರಷ್ಟಾಚರಣೆಯಲ್ಲವೆಂದು ಸುಪ್ರೀಂ ಕೋರ್ಟು 2013ರಲ್ಲಿ ಹೇಳಿದ ಮೇಲೆ, ಪಕ್ಷಗಳಿಗಿದ್ದ ಅಲ್ಪ ಸಂಕೋಚವೂ ಹೋಯಿತು. 2023ರ ಆಗಸ್ಟಿನಲ್ಲಿ ಕರ್ನಾಟಕ ಗೃಹಲಕ್ಷ್ಮಿಯ ಹೆಸರಿನಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡಲು ತೊಡಗಿತು; ಹದಿನೈದೇ ದಿನಗಳಲ್ಲಿ ತಮಿಳುನಾಡು ಮಗಳಿರ್ ಉರಿಮೈ ತೊಗೈ ಎಂದು 1,000 ರೂಪಾಯಿ ಕೊಡತೊಡಗಿತು. ಎಲ್ಲೆಯಾಚೆಗೆ ಕೊಟ್ಟ ಮಗಳಿಗೆ ಎರಡು ಸಾವಿರ, ಈಚೆಗೆ ಉಳಿದ ತಾಯಿಗೆ ಒಂದು ಸಾವಿರ. ಇಂತಹ ಲೆಕ್ಕ ಈ ಭಾಗದ ಸಂತೆಗಳಲ್ಲಿ ನಡೆಯದಿದ್ದರೆ ಆಶ್ಚರ್ಯ.

ಆದರೆ ಹೊಸೂರು ಸೀಮೆಯ ಕನ್ನಡಿಗರಿಗೆ ಇದಕ್ಕಿಂತ ಹತ್ತಿರವಾದ ಲೆಕ್ಕ ಇನ್ನೊಂದುಂಟು: ಕನ್ನಡಶಾಲೆಯ ಉಪಾಧ್ಯಾಯನ ಹುದ್ದೆ. ತಮ್ಮ ಭಾಷೆಯಿಂದಲೇ ದೊರೆಯತಕ್ಕ ಸರ್ಕಾರಿ ನೌಕರಿ ಅವರಿಗೆ ಉಳಿದಿರುವುದು ಹೆಚ್ಚುಕಡಿಮೆ ಅದೊಂದೇ. ಮಕ್ಕಳು ಕನ್ನಡದಲ್ಲಿ ಓದುವವರೆಗೆ ಮಾತ್ರ ಅದಕ್ಕೂ ಆಯುಸ್ಸು. 2006ರ ಶಾಸನ ತಮಿಳನ್ನು ಒಂದನೆಯ ತರಗತಿಯಿಂದ ಕ್ರಮಕ್ರಮವಾಗಿ ಕಡ್ಡಾಯಮಾಡುತ್ತ ಬಂದು, ಹತ್ತು ವರ್ಷಗಳಲ್ಲಿ ಹತ್ತನೆಯ ತರಗತಿಯ ಪರೀಕ್ಷೆಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯಕ್ಕೆ ಹೋಗಿ ವಿನಾಯಿತಿ ಪಡೆದರು. ಅದು ಶಾಶ್ವತವಾದ ಹಕ್ಕಾಗಿ ಬರದೆ, ಅವಧಿ ತೀರಿದಂತೆ ಮತ್ತೆ ಕೇಳಿ ಪಡೆಯಬೇಕಾದ ರಿಯಾಯಿತಿಯಾಗಿ ಬಂದಿತು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು.